ಏಳನೆಯ ಬಾಗಿಲ ಹಿಂದೆ ಒಂದು ಗಾಳ

ಟೇಲರ್ ಆದವನನ್ನು ಮದುವೆಗೆ ಕರೆಯಬಾರದು. ಎಲ್ಲರೂ ಮದುಮಗಳ ಮುಖ ನೋಡುತ್ತಿದ್ದರೆ ಅವನು ಮದುಮಗನ ಕೋಟಿನ ಭುಜ ನೋಡುತ್ತಿರುತ್ತಾನೆ. ಅಕ್ಷತೆ ಹಾಕುವಾಗಲೂ ಅವನ ತಲೆಯಲ್ಲಿ, ‘ಎಡಗಡೆ ಅರ್ಧ ಇಂಚು ಎಳೆದಿದೆ, ಒಳಗಿನ ಲೈನಿಂಗ್ ಅಗ್ಗದ್ದು’ ಎಂಬ ಮಂತ್ರವೇ ನಡೆದಿರುತ್ತದೆ. ನಾನು ಅಂಥವನು. ಏಳನೇ ತರಗತಿಗೆ ಶಾಲೆ ಬಿಟ್ಟು, ಬಾದನಹಟ್ಟಿಯಿಂದ ಬಳ್ಳಾರಿಗೆ ಬಂದು, ಬೇರೆಯವರ ಮಷೀನಿನ ಕೆಳಗೆ ಬಿದ್ದ ದಾರ ಗುಡಿಸುವುದರಿಂದ ಶುರು ಮಾಡಿ, ಈಗ ಸತ್ಯನಾರಾಯಣಪೇಟೆಯ ಒಂದು ಸಂದಿಯಲ್ಲಿ ನನ್ನದೇ ಐದು ಮಷೀನು ಹಾಕಿಕೊಂಡು ಜೀನ್ಸ್ ಹೊಲಿಯುವವನು. ನಮ್ಮಲ್ಲಿ ಹೊಲಿದ ಪ್ಯಾಂಟಿನ ಅಂಚು ಬಿಚ್ಚಿತೆಂದು ಇದುವರೆಗೆ ಯಾರೂ ವಾಪಸ್ಸು ತಂದಿಲ್ಲ. ಒಬ್ಬ ತಂದಿದ್ದ, ತಿರುವಿ ನೋಡಿದರೆ ಅದು ಪಕ್ಕದ ಸಂದಿಯವರು ಹೊಲಿದದ್ದು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿಸಿದೆ. ಈ ಹೆಮ್ಮೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಕಾಲಿಗೇ ತೊಡರಿಕೊಳ್ಳಲಿದೆ.

ಇಂಥ ಕೆಲಸಗಾರ ಫೋನಿನಲ್ಲಿ ಆಟ ಆಡುತ್ತಾನೆಂದರೆ ನೀವು ನಂಬಲಿಕ್ಕಿಲ್ಲ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಷೀನುಗಳೆಲ್ಲ ಸುಮ್ಮನಾದಾಗ ಮಗಳು ಅಕ್ಷತಾ ಇದನ್ನು ನನ್ನ ಕೈಗೆ ಹಿಡಿಸಿದಳು. ಆಟದ ಹೆಸರನ್ನು ಕನ್ನಡಕ್ಕೆ ತಂದರೆ ‘ಏಳು ಬಾಗಿಲ ಕೋಟೆ’. ಎಲ್ಲೆಲ್ಲಿಯದೋ ಜನ ತಮ್ಮ ತಮ್ಮ ಫೋನಿನಿಂದ ಒಂದೇ ಕೋಟೆಗೆ ನುಗ್ಗುತ್ತಾರೆ. ನಾನು ಬಿಲ್ಲುಗಾರ. ಮೊದಲ ದೃಶ್ಯದಲ್ಲೇ ಕರಿ ಮುಸುಕು ಹಾಕಿಕೊಂಡವನೊಬ್ಬ ಬಂದು ನನ್ನ ಊರಿಗೆ ಬೆಂಕಿ ಹಚ್ಚುತ್ತಾನೆ. ‘ನಾನು ಯಾರು, ನಿನ್ನ ಊರನ್ನೇ ಯಾಕೆ ಸುಟ್ಟೆ ಎನ್ನುವುದು ಬೇಕಾದರೆ ಏಳನೆಯ ಬಾಗಿಲಿಗೆ ಬಾ’ ಎಂದು ನಕ್ಕು ಹೋಗುತ್ತಾನೆ. ಕಂಪನಿಯವರು ಆರು ತಿಂಗಳಿಗೊಂದು ಬಾಗಿಲು ತೆಗೆಯುತ್ತಾರೆ. ಮಾತೆಲ್ಲ ಇಂಗ್ಲಿಷು, ಆದ್ದರಿಂದ ಮಗಳು ಓದಿ ಹೇಳಬೇಕು. ನನ್ನ ಬಿಲ್ಲುಗಾರನ ಮೇಲಂಗಿಗೆ ಅಂಚೇ ಮಡಚಿಲ್ಲ, ಗಾಳಿಗೆ ಹರಿದ ಪರದೆಯಂತೆ ಹಾರುತ್ತದೆ. ಅದನ್ನು ನೋಡಿದ ಮೊದಲ ದಿನವೇ ಇವರ ಕೆಲಸದ ಬಗ್ಗೆ ನನಗೆ ಅನುಮಾನ ಬರಬೇಕಿತ್ತು. ಕಥೆಯ ಆಸೆಗೆ ಸುಮ್ಮನಾದೆ.

ಕೋಟೆಯೊಳಗೆ ಸಿಕ್ಕ ಗೆಳೆಯ ಸಿರುಗುಪ್ಪದ ಖಾಸಿಂ. ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾನೆ, ಆಟದಲ್ಲಿ ಕತ್ತಿ ಹಿಡಿಯುತ್ತಾನೆ. ಊಟದ ಬಿಡುವಿನಲ್ಲಿ ಅವನು ಅಲ್ಲಿಂದ, ನಾನು ಇಲ್ಲಿಂದ ಕೂಡಿ ರಾಕ್ಷಸರನ್ನು ಕಡಿಯುತ್ತ ಮುಸುಕಿನವನ ಬಗ್ಗೆ ತರ್ಕ ಮಾಡುತ್ತಿದ್ದೆವು. ‘ಭಾಯ್, ಇಂವ ಪಕ್ಕಾ ಹೀರೋನ ಅಪ್ಪ ಅದಾನ. ಮುಸುಕು ಹಾಕ್ಕಂಡಂವ ಯಾವಾಗಿದ್ರೂ ಅಪ್ಪನ ಆಗಿರ್ತಾನ’ ಎಂದು ಖಾಸಿಂ. ಮುಂದಿನ ಕಾಲದಿಂದ ತಿರುಗಿ ಬಂದ ಹೀರೋನೇ ಇವನು ಎಂದು ಮಗಳು. ಈ ಆಟವನ್ನು ಕಣ್ಣೆತ್ತಿಯೂ ನೋಡದ ನನ್ನ ಹೆಂಡತಿ ಗಂಗಾ ಕಾಳು ಆರಿಸುತ್ತ ಅಂದಳು: ‘ಅಣ್ತಮ್ಮರ ಇರಬೇಕು ತಗೋರಿ. ಹೊಲದ ಜಗಳ ಇಲ್ದ ಯಾರರ ಊರಿಗೆ ಬೆಂಕಿ ಹಚ್ತಾರೇನು?’ ನಿಜ ಹೇಳುತ್ತೇನೆ, ಮೂರರಲ್ಲಿ ಅದೇ ಸರಿಯೆನಿಸಿತ್ತು ನನಗೆ.

ನನ್ನ ನಿರೀಕ್ಷೆ ಹೆಚ್ಚಾಗಲು ನಮ್ಮ ಸೋದರಮಾವನೂ ಕಾರಣ. ಬಾದನಹಟ್ಟಿಯ ಬಯಲಾಟದಲ್ಲಿ ಅವನಿಗೆ ಯಾವಾಗಲೂ ರಾಕ್ಷಸನ ಪಾತ್ರ. ಬಾಣ ತಗುಲಿದ ಮೇಲೆ ಅವನು ಸಾಯಲು ಅರ್ಧ ಗಂಟೆ ಬೇಕು. ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ನಡುವೆ ಎರಡು ಹಾಡು, ವೈರಿಗೆ ಬುದ್ಧಿಮಾತು. ಒಂದು ಸಲ ರೂಪನಗುಡಿಯ ಬೀಗರು ತಡವಾಗಿ ಬಂದರೆಂದು, ಸತ್ತು ಮಲಗಿದ್ದವನು ಎದ್ದು ಅವರಿಗೋಸ್ಕರ ಮತ್ತೊಮ್ಮೆ ಸತ್ತ. ಜನ ಸಿಳ್ಳೆ ಹೊಡೆದರು. ರಾಕ್ಷಸ ಸಾಯುವುದೆಂದರೆ ಹಾಗೆ ಸಾಯಬೇಕು ಎಂದು ಕಲಿತು ಬೆಳೆದವನು ನಾನು.

ಏಳನೆಯ ಬಾಗಿಲು ತೆರೆದದ್ದು ಒಂದು ಭಾನುವಾರ ಮಧ್ಯಾಹ್ನ. ಖಾಸಿಂ ಬೆಳಿಗ್ಗೆಯೇ ಸಿರುಗುಪ್ಪದಲ್ಲಿ ಬಸ್ಸು ಹತ್ತಿ ಬಂದುಬಿಟ್ಟ. ‘ಇಂಥಾದ್ದನ್ನ ಒಬ್ಬಬ್ಬರ ನೋಡಬಾರ್ದು ಭಾಯ್’ ಎಂದ. ಗಂಗಾ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿದಳು. ನಲವತ್ತು ನಿಮಿಷ ಬಡಿದಾಡಿ ಬಾಗಿಲು ಒಡೆದು ಒಳಗೆ ಹೋದೆವು. ಮುಸುಕಿನವನು ಸಿಂಹಾಸನದ ಮೇಲೆ ಕೂತಿದ್ದ. ಎದ್ದ. ಮುಸುಕು ತೆಗೆದ. ಯಾರೋ ಒಬ್ಬ! ಅಪ್ಪನಲ್ಲ, ಅಣ್ಣನಲ್ಲ, ಮೂರು ವರ್ಷದಲ್ಲಿ ಎಲ್ಲೂ ನೋಡದ ಮುಖ. ಬ್ಯಾಂಕಿನಲ್ಲಿ ‘ಊಟದ ನಂತರ ಬನ್ನಿ’ ಎನ್ನುವವರ ಮುಖ ಇರುತ್ತದಲ್ಲ, ಹಾಗಿತ್ತು. ಅಕ್ಷತಾ ಓದಿದಳು: ‘ನನ್ನ ಹೆಸರು ಕೆಲ್ವಾರ್. ನನ್ನ ಮನಸಿನ್ಯಾಗ ಕತ್ತಲಿ ಇತ್ತು. ತಪ್ಪಾತು, ಕ್ಷಮಿಸು.’ ಅಷ್ಟು ಹೇಳಿ ಅವನು ಹೊಗೆಯಾಗಿ ಹೋದ. ನನ್ನ ಬಾಣ ಬತ್ತಳಿಕೆಯಲ್ಲೇ ಇತ್ತು.

‘ಸರಿಯಾಗಿ ಓದಿದ್ಯೇನವಾ? ನಡುವ ಏನರ ಬಿಟ್ಟಿ ನೋಡು’ ಎಂದು ಮಗಳ ಮೇಲೇ ಹರಿಹಾಯ್ದೆ.

‘ಇದ್ದಿದ್ದ ಇಷ್ಟಪಾ. ನಾ ಏನು ಮಾಡ್ಲಿ?’

ಒಂದೂವರೆ ನಿಮಿಷ. ತಟ್ಟೆಯಲ್ಲಿನ ಮಿರ್ಚಿ ಇನ್ನೂ ಬಿಸಿಯಾಗಿತ್ತು. ಅಷ್ಟರಲ್ಲಿ ತುತ್ತೂರಿ ಊದಿ ಪರದೆಯ ಮೇಲೆ ಬಹುಮಾನ ಇಳಿಯಿತು: ಒಂದು ಮೀನಿನ ಗಾಳ. ಇನ್ನು ಮುಂದೆ ಕೋಟೆಯ ಕೆರೆಯಲ್ಲಿ ನೀವು ಮೀನು ಹಿಡಿಯಬಹುದಂತೆ! ಗಂಗಾ ಅಡುಗೆಮನೆಯಿಂದ ಓಡಿ ಬಂದಳು. ‘ಮೂರು ವರ್ಷ ಕಾಯಿಸಿದ್ದು ಲಿಂಗ ಕಟ್ಟಿದವರ ಕೈಯಾಗ ಗಾಳ ಕೊಡಾಕೇನು? ಮೊದಲು ಅದನ್ನ ವಾಪಸ್ ಕೊಡ್ರಿ!’

‘ಅವು ಫೋನಿನ್ಯಾಗಿನ ಮೀನಾ ಯವ್ವಾ’ ಎಂದಳು ಮಗಳು.

‘ಎಲ್ಲಿನವಾರ ಇರ್ಲಿ, ಮೀನು ಮೀನ!’

ಖಾಸಿಂ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ‘ಗಾಳ ಬೇಕಿದ್ರ ನಮ್ಮೂರ ಕಡಿ ಹೊಳಿದಂಡಿಗೆ ಕುಂದ್ರತಿದ್ನಲ್ಲ ಭಾಯ್. ಮೂರು ವರ್ಷದಾಗ ಅರ್ಧ ತುಂಗಭದ್ರಾ ಖಾಲಿ ಮಾಡ್ತಿದ್ದೆ’ ಎಂದ.

ಅವನನ್ನು ಬಸ್ಸು ಹತ್ತಿಸಿ ಬಂದವನೇ ಕಂಪನಿಗೆ ಪತ್ರ ಬರೆಸಲು ಕೂತೆ. ನಾನು ಹೇಳುವುದು, ಮಗಳು ಇಂಗ್ಲಿಷಿಗೆ ಇಳಿಸಿ ಟೈಪು ಮಾಡುವುದು. ‘ಮಾನ್ಯರೇ, ನಾನು ಹೊಲಿಗೆ ಕೆಲಸದವನು. ಗಿರಾಕಿಗೆ ಕೋಟು ಕೊಡುತ್ತೇನೆಂದು ಮೂರು ವರ್ಷ ಅಳತೆ ತೆಗೆದು, ಕೊನೆಗೆ ಒಂದು ಕರವಸ್ತ್ರ ಕೈಗಿಟ್ಟರೆ ನಮ್ಮ ಸಂದಿಯಲ್ಲಿ ಹೊಡೆಯುತ್ತಾರೆ. ಎಳೆದ ದಾರಕ್ಕೆ ಗಂಟು ಹಾಕದೆ ಬಿಡುವವನು ಕೆಲಸಗಾರನೇ ಅಲ್ಲ...’ ಇಲ್ಲಿಗೆ ಬಂದಾಗ ಅಕ್ಷತಾಳ ಬೆರಳು ನಿಂತಿತು. ಕಿಸಕ್ಕನೆ ನಕ್ಕಳು.

‘ಅಪ್ಪಾ, ಮತ್ತ ನಿನ್ನ ಮಾಸ್ತರ ಕಥಿ?’

ಅದನ್ನು ನಿಮಗೂ ಹೇಳಿಬಿಡುತ್ತೇನೆ. ನಮ್ಮ ಅಂಗಡಿಗೆ ಬಂದ ಗಿರಾಕಿ, ಕೆಲಸಕ್ಕೆ ಸೇರಿದವನು, ದಾರ ಮಾರಲು ಬಂದವನು, ಯಾರೂ ಇದನ್ನು ಕೇಳದೆ ಹೊರಗೆ ಹೋದದ್ದಿಲ್ಲ. ಏಳನೇ ತರಗತಿಯಲ್ಲಿ ಒಂದು ದಿನ ನಾನು ಅಂಗಿಯ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡು ಹೋಗಿದ್ದೆ. ಲೆಕ್ಕದ ಹಂಪಯ್ಯ ಮಾಸ್ತರು ಇಡೀ ತರಗತಿಯ ಮುಂದೆ ನಿಲ್ಲಿಸಿ, ‘ಅಂಗಿ ಗುಂಡಿ ಹಾಕ್ಕಳಾಕೂ ಲಾಯಕ್ಕಿಲ್ಲ ನೀನು’ ಎಂದರು. ಎಲ್ಲರೂ ನಕ್ಕರು. ಪಾಟಿಚೀಲ ಹೊತ್ತು ಹೊರಬಿದ್ದವನು ಶಾಲೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಆ ಒಂದು ಮಾತಿನ ಸಿಟ್ಟಿಗೆ ಹೊಲಿಗೆ ಕಲಿತೆ, ಲಕ್ಷಗಟ್ಟಲೆ ಗುಂಡಿ ಹಾಕಿದೆ. ಇಲ್ಲಿ ನಾನು ಕತ್ತರಿ ಕೆಳಗಿಟ್ಟು, ದನಿ ತಗ್ಗಿಸಿ ಹೇಳುತ್ತೇನೆ: ‘ಒಂದಿನ ಹೋಗಾಂವ ಅದೀನಿ. ಅವರ ಮುಂದ ನಿಂತು ಹೇಳಾಂವ ಅದೀನಿ.’ ಕೇಳಿದವರ ಮೈ ಜುಮ್ಮೆನ್ನುತ್ತದೆ.

‘ನಾ ಮದುವಿ ಆಗಿ ಬಂದಾಗಿಂದ ಕೇಳಾಕತ್ತೀನಿ’ ಎಂದಳು ಗಂಗಾ. ‘ಒಂದಿನ ಹೋಗಾಂವ ಅದೀನಿ ಅಂತ ಅಲ್ಲಿಗೆ ನಿಂತೈತಿ. ಆ ಆಟದವರೂ ನಿಮ್ಮ ಕಡೆನ ಕಲ್ತಾರ ಕಾಣ್ತೈತಿ. ಅವರು ಗಾಳನಾರ ಕೊಟ್ರು.’

ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಪತ್ರವನ್ನು ಅಷ್ಟಕ್ಕೇ ಕಳಿಸಿ, ಮುಂದಿನ ಭಾನುವಾರ ನಾನೇ ಹೊಲಿದ ಅಂಗಿ ತೊಟ್ಟು, ಗುಂಡಿಗಳನ್ನು ಕನ್ನಡಿಯ ಮುಂದೆ ಮೂರು ಸಲ ಎಣಿಸಿ, ಕುರುಗೋಡಿಗೆ ಗಾಡಿ ಬಿಟ್ಟೆ. ನಿವೃತ್ತರಾದ ಮೇಲೆ ಮಾಸ್ತರು ಅಲ್ಲೇ ಇದ್ದಾರೆ. ಇಪ್ಪತ್ತೆಂಟು ವರ್ಷದಿಂದ ತಿದ್ದಿ ತೀಡಿದ ಮಾತು ಬಾಯಲ್ಲಿ ಸಿದ್ಧವಿತ್ತು. ದಾರಿಯುದ್ದಕ್ಕೂ ಜೋರಾಗಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದವನು ತನಗೇ ಹೇಳಿದ್ದೆಂದು ತಿಳಿದು, ‘ನಾ ಯಾವಾಗ ಅಂದ್ನೋ ಮಾರಾಯಾ?’ ಎಂದ.

ಮಾಸ್ತರು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು.

‘ಯಾರಪಾ?’

‘ನಾನ್ರೀ ಸರ್. ಬಾದನಹಟ್ಟಿ ಚಂದ್ರಶೇಖರ.’

‘ಯಾವ ಚಂದ್ರಶೇಖರ? ನನ್ನ ಕೈಯಾಗ ಹದಿಮೂರು ಮಂದಿ ಚಂದ್ರಶೇಖರರು ಕಲ್ತು ಹೋಗ್ಯಾರ.’

‘ಗುಂಡಿ ಚಂದ್ರಶೇಖರ್ರೀ’ ಎಂದುಬಿಟ್ಟೆ. ಇದು ಅಭ್ಯಾಸದಲ್ಲಿ ಇರಲಿಲ್ಲ. ಮೊದಲ ಹೊಲಿಗೆಯೇ ತಪ್ಪಿತು ಎನಿಸಿದರೂ ಎದೆಯುಬ್ಬಿಸಿ ನಿಂತು ಹೇಳಿದೆ: ‘ಸರ್, ನೀವು ನನಗ ಗುಂಡಿ ಹಾಕ್ಕಳಾಕೂ ಲಾಯಕ್ಕಿಲ್ಲ ಅಂದಿದ್ರಿ. ಇವತ್ತು ಬಳ್ಳಾರಿ ಜಿಲ್ಲಾದಾಗ ಅರ್ಧ ಮಂದಿ ಪ್ಯಾಂಟು ಸೊಂಟದ ಮ್ಯಾಲೆ ನಿಂತಿದ್ದು ನಾ ಹಾಕಿದ ಗುಂಡಿಯಿಂದ!’

ಮಾಸ್ತರು ನಕ್ಕರು. ಮಡಿಲಿನ ಶೇಂಗಾ ಸಿಪ್ಪೆಯೆಲ್ಲ ಕೆಳಗೆ ಚೆಲ್ಲುವಷ್ಟು ನಕ್ಕರು. ‘ಅಯ್ಯ ಹುಚ್ಚಪ್ಪಾ! ಅದನ್ನ ನಾ ದಿನಾ ನಾಕು ಮಂದಿಗೆ ಅಂತಿದ್ದೆ. ತಹಸೀಲ್ದಾರ ಆದ ಹುಡುಗಗೂ ಅಂದೀನಿ, ನನ್ನ ಮಗಗೂ ಅಂದೀನಿ. ಯಾರೂ ಸಾಲಿ ಬಿಡ್ಲಿಲ್ಲಪಾ. ನೀ ಯಾಕ ಬಿಟ್ಟಿ?’

ನಾನು ಶೇಂಗಾ ಆರಿಸುವವನಂತೆ ಕೆಳಗೆ ಬಗ್ಗಿದೆ. ಮರುದಿನ ಲೆಕ್ಕದ ಪರೀಕ್ಷೆ ಇತ್ತು ಎಂಬ ಒಂದು ಸಣ್ಣ ಸಂಗತಿಯನ್ನು ನಾನು ಈ ಕಥೆಯಲ್ಲಿ ಯಾರಿಗೂ ಹೇಳಿದವನಲ್ಲ. ಮಾಸ್ತರ ಮಾತು ಒಳ್ಳೆಯ ಹೊತ್ತಿಗೆ ಒದಗಿ ಬಂದಿತ್ತು, ಅಷ್ಟೇ. ಅಷ್ಟರಲ್ಲಿ ಒಳಗಿನಿಂದ ಮಾಸ್ತರ ಹೆಂಡತಿ ಚಹಾದ ಜೊತೆಗೆ ಒಂದು ಕೈಚೀಲವನ್ನೂ ತಂದರು. ‘ಹೆಂಗೂ ಟೇಲರ ಅಂತೀದಿ. ಮಗ ಇವರಿಗೆ ಎರಡು ಪ್ಯಾಂಟು ಕೊಡಿಸ್ಯಾನ, ನಾಕು ಬೆಟ್ಟು ಉದ್ದ ಆಗ್ಯಾವ. ಒಂದೀಟು ಮಡಚಿ ಹೊಲಕೊಡಪ್ಪ.’ ಮಾಸ್ತರು ನನ್ನ ಫೋನ್ ನಂಬರು ಬರೆದುಕೊಂಡು, ‘ಚಲೋ ಹೊತ್ತಿಗೆ ಬಂದಿ ನೋಡು’ ಎಂದು ಬೆನ್ನು ತಟ್ಟಿದರು.

ಮನೆಯ ಬಾಗಿಲಲ್ಲೇ ಗಂಗಾ ಕೇಳಿದಳು: ‘ಮುಸುಕು ತಗದ್ರೇನು?’

‘ತಗದ್ರು.’

‘ಯಾರು?’

‘ಮಾಸ್ತರ.’

‘ಕೈಯಾಗ ಏನದು?’

ನಾನು ಚೀಲ ಎತ್ತಿ ತೋರಿಸುವ ಮೊದಲೇ ಒಳಗಿನಿಂದ ಮಗಳು ಕೂಗಿದಳು, ‘ಗಾಳಾ!’

ಮರುದಿನ ಆಂಧ್ರದ ಕಡೆಯ ಗಿರಾಕಿಯೊಬ್ಬನಿಗೆ ಅಭ್ಯಾಸ ಬಲದಿಂದ ಕಥೆ ಶುರು ಮಾಡಿದೆ. ದನಿ ತಗ್ಗಿಸುವ ಜಾಗ ಬಂದಾಗ ಅವನು ಮುಂದೆ ಬಗ್ಗಿ, ‘ತರ್ವಾತ ಏಮೈಂದಿ ಅನ್ನಾ?’ ಎಂದ, ಆಮೇಲೆ ಏನಾಯಿತಣ್ಣಾ ಎಂದು. ಸುಳ್ಳು ಹೇಳಬಾರದೆಂದು ಶೇಂಗಾ, ಚಹಾ, ಎರಡು ಪ್ಯಾಂಟು ಎಲ್ಲ ಹೇಳಿದೆ. ಅವನ ಮುಖ ಇಳಿಯಿತು. ‘ಅಂತೇನಾ?’ ಎಂದ. ಇಷ್ಟೇನಾ ಎಂದು! ಏಳನೆಯ ಬಾಗಿಲ ಮುಂದೆ ನಾನೂ ಖಾಸಿಮನೂ ಹೀಗೇ ಕೂತಿದ್ದೆವು. ಅವತ್ತಿನಿಂದ ಕುರುಗೋಡಿನ ಸುದ್ದಿ ಎತ್ತುವುದಿಲ್ಲ. ಮೊದಲಿನಂತೆ ‘ಒಂದಿನ ಹೋಗಾಂವ ಅದೀನಿ’ ಎನ್ನುವಲ್ಲಿಗೇ ಕತ್ತರಿ ಕೈಗೆತ್ತಿಕೊಳ್ಳುತ್ತೇನೆ. ಮಗಳು ಪಕ್ಕದಲ್ಲಿದ್ದರೆ ಕೆಮ್ಮುತ್ತಾಳೆ.

ಕಂಪನಿಯಿಂದ ಉತ್ತರವೂ ಬಂತು. ನನ್ನ ಅಭಿಪ್ರಾಯ ಅವರಿಗೆ ಬಹಳ ಅಮೂಲ್ಯವಂತೆ. ಕೆರೆಯಲ್ಲಿ ಹೊಸ ಮೀನು ಬಿಟ್ಟಿದ್ದಾರಂತೆ. ಸಿಟ್ಟಿನಲ್ಲಿ ಆಟವನ್ನೇ ಫೋನಿನಿಂದ ಕಿತ್ತುಹಾಕಬೇಕೆಂದು ಹೊರಟವನು, ಕಿತ್ತುಹಾಕುವ ಮೊದಲು ಈ ಗಾಳ ಎಷ್ಟು ಕಳಪೆಯಿದೆ ಎಂದು ತಿಳಿದುಕೊಳ್ಳಲು ಒಂದೇ ಒಂದು ಸಲ ಎಸೆದು ನೋಡಿದೆ. ಅದು ಕಳಪೆಯಿರಲಿಲ್ಲ. ದಾರ ನೀರಿಗೆ ಬೀಳುವಾಗ ಟೊಳಕ್ ಎಂದು ಒಂದು ಸದ್ದು ಮಾಡುತ್ತದೆ, ಕೇಳಿದರೆ ಬಿಡಲಾರಿರಿ. ಈಗ ಊಟದ ಬಿಡುವೆಲ್ಲ ಕೆರೆಯ ದಂಡೆಯಲ್ಲೇ. ಬಿಡುವು ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ. ಹಿಡಿದ ಪ್ರತಿ ಮೀನನ್ನೂ ನೀರಿಗೆ ವಾಪಸ್ಸು ಬಿಡುತ್ತೇನೆ, ಆದ್ದರಿಂದ ಆಚಾರಕ್ಕೆ ಕುಂದಿಲ್ಲ ಎಂದು ಗಂಗಾಳನ್ನು ಒಪ್ಪಿಸಿದ್ದೇನೆ. ಅವಳು ಒಪ್ಪಿಲ್ಲ.

ಹೀಗಿರುವಾಗ ಮಾಸ್ತರ ಪ್ಯಾಂಟುಗಳು ಶೆಲ್ಫಿನ ಮೇಲೇ ಉಳಿದವು. ಮೊದಲ ವಾರ ಫೋನು ಬಂದಾಗ, ‘ಬರೋ ಸೋಮಾರ ಗ್ಯಾರಂಟಿ ಸರ್’ ಎಂದೆ. ಎರಡನೆಯ ವಾರ, ‘ಆಗೇ ಬಿಟ್ಟಾವ ಸರ್, ಇಸ್ತ್ರಿ ಒಂದ ಬಾಕಿ’ ಎಂದೆ. ಆಗಿನ್ನೂ ಚೀಲದ ಬಾಯಿ ಬಿಚ್ಚಿರಲಿಲ್ಲ. ಮೂರನೆಯ ವಾರ ನಾನು ಕೆರೆಯ ದಂಡೆಯಲ್ಲಿದ್ದೆ, ಯಾವುದೋ ದೊಡ್ಡ ಮೀನು ದಾರವನ್ನು ಜಗ್ಗುತ್ತಿತ್ತು. ಅದೇ ಹೊತ್ತಿಗೆ ಫೋನು ಬಂದು ಕೆರೆಯೂ ಮೀನೂ ಮಾಯವಾಗಿ ಮಾಸ್ತರ ಹೆಸರು ಮೂಡಿತು.

‘ಲೇ ಚಂದ್ರಶೇಖರಾ! ಎರಡು ಪ್ಯಾಂಟಿನ ಅಂಚು ಮಡಚಾಕ ಮೂರು ವಾರ ಬೇಕೇನಲೇ ನಿನಗ? ಗುಂಡಿ ಹಾಕ್ಕಳಾಕೂ ಲಾಯಕ್ಕಿಲ್ಲ ನೀನು!’

ಫೋನು ಕಟ್ಟಾಯಿತು. ಐದು ಮಷೀನುಗಳೂ ನಿಂತವು. ಮಾಸ್ತರ ದನಿ ಇನ್ನೂ ತರಗತಿಗೆ ಸಾಲುವಷ್ಟಿದೆ. ಊಟದ ಡಬ್ಬಿ ಒಯ್ಯಲು ಬಂದಿದ್ದ ಗಂಗಾ ನನ್ನ ಮುಖ ನೋಡಿದಳು. ನಾನು ಮಾತ್ರ ಒಳಗೊಳಗೇ ಬೀಗುತ್ತಿದ್ದೆ. ಮೊದಲಿನದು ದಿನಾ ನಾಲ್ಕು ಮಂದಿಗೆ ಹಂಚುತ್ತಿದ್ದ ರೆಡಿಮೇಡ್ ಮಾತು. ಇದು ಹದಿಮೂರು ಚಂದ್ರಶೇಖರರಲ್ಲಿ ನನ್ನೊಬ್ಬನ ಅಳತೆ ತೆಗೆದು ಹೊಲಿದದ್ದು. ಎಲ್ಲೂ ಅರ್ಧ ಇಂಚು ಹೆಚ್ಚಿಲ್ಲ, ಕಡಿಮೆಯಿಲ್ಲ.