ಬಾಗಿಲಾಚೆಯ ಬೇಸ್‌ಬಾಲ್

ಅಳಿಯನಿಗೆ ಏನು ಬಡಿಸಬೇಕು ಎನ್ನುವುದನ್ನು ನಮ್ಮ ಹಿರಿಯರು ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ಒಬ್ಬಟ್ಟಿನ ಮೇಲೆ ತುಪ್ಪ ಎಷ್ಟು ಸುರಿಯಬೇಕು, ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲಿ ಹೇಗೆ ಸುರಿಯಬೇಕು, ಅವನು ಬಂದಾಗ ಯಾವ ಬಾಗಿಲ ಹಿಂದೆ ನಿಲ್ಲಬೇಕು, ಎಲ್ಲ ಗೊತ್ತು. ಆದರೆ ಅವನ ಜೊತೆ ಏನು ಮಾತಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಅಂಥ ಗತಿ ಬರುತ್ತದೆ ಎಂದು ಅವರಿಗೆ ಅನ್ನಿಸಿರಲಾರದು. ಅಳಿಯ ಎಂದರೆ ಹಬ್ಬಕ್ಕೆ ಬರುವವನು, ತಿನ್ನುವವನು, ಹೋಗುವವನು. ಅವನೂ ಅತ್ತೆಯೂ ಇಬ್ಬರೇ ಒಂದು ಮನೆಯಲ್ಲಿ, ಅದೂ ಅಮೆರಿಕದ ಚಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ ದಿನ ಕಳೆಯಬೇಕಾದೀತು ಎಂದು ಯಾವ ಅಜ್ಜಿ ಕನಸು ಕಂಡಿದ್ದಾಳು?

ನನಗೆ ಆ ಗತಿ ಬಂತು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ನಯವಾಗಿ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಮಾತು ಎಲ್ಲಿಂದಲೋ ಎಲ್ಲಿಗೋ ಹೋದರೆ ಅದು ವಯಸ್ಸಿನ ದೋಷ, ಓದಿನದಲ್ಲ. ಯಜಮಾನರು ಹೋದ ಮೇಲೆ ಮಗಳು ಸುಮ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಮೊಮ್ಮಗಳು ನಿಧಿ ಮನೆಯಲ್ಲಿರುವವರೆಗೆ ತೊಂದರೆಯೇ ಇರಲಿಲ್ಲ. ಅಳಿಯಂದಿರು ಕೈಗೆಟುಕುವಷ್ಟು ದೂರದಲ್ಲಿ ಕೂತಿದ್ದರೂ ನಾನು ಮಹಡಿಯ ಮೇಲಿದ್ದ ಮಗುವನ್ನು ಕೂಗುತ್ತಿದ್ದೆ: "ನಿಧೀ, ನಿಮ್ಮಪ್ಪಂಗೆ ಊಟಕ್ಕೆ ಏಳಕ್ಕೆ ಹೇಳು." ಅವಳು ಅಲ್ಲಿಂದಲೇ "ಡ್ಯಾಡ್, ಫುಡ್!" ಎನ್ನುತ್ತಿದ್ದಳು. ಕೆಲಸ ಆಗುತ್ತಿತ್ತು. ನಿಧಿ ಕಾಲೇಜಿಗೆಂದು ದೂರದ ಹಾಸ್ಟೆಲ್ ಸೇರಿದಳು. ಅದರ ಹಿಂದೆಯೇ ಸುಮಳಿಗೆ ಬಡ್ತಿ ಸಿಕ್ಕಿತು, ಡೆಟ್ರಾಯಿಟ್ ಹತ್ತಿರದ ಆಫೀಸಿಗೆ. ಅಲ್ಲಿ ಒಂದು ರೂಮು ಮಾಡಿಕೊಂಡು ವಾರ ಬಿಟ್ಟು ವಾರ ಶುಕ್ರವಾರ ಸಂಜೆ ಕಾರು ಓಡಿಸಿಕೊಂಡು ಬರುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡರು. "ನನ್ನನ್ನೂ ಕರ್ಕೊಂಡು ಹೋಗೇ" ಎಂದು ನಾನು ಅವಳ ಸೂಟ್‌ಕೇಸಿನ ಪಕ್ಕದಲ್ಲಿ ನಿಂತು ಗೋಗರೆದೆ. "ಒಂದೇ ರೂಮಮ್ಮ, ದೊಡ್ಡ ಅಪಾರ್ಟ್‌ಮೆಂಟ್ ಸಿಕ್ಕಿದ ತಕ್ಷಣ ಕರ್ಕೊಂಡು ಹೋಗ್ತೀನಿ" ಎಂದು ಹೋಗಿಬಿಟ್ಟಳು. ಮನೆಯಿಂದಲೇ ಆಫೀಸು ಮಾಡುವ ಅಳಿಯಂದಿರು, ನಾನು, ಮತ್ತು ಫ್ರಿಜ್ಜು ಉಳಿದೆವು.

ಫ್ರಿಜ್ಜನ್ನು ಸುಮ್ಮನೆ ಸೇರಿಸಲಿಲ್ಲ. ಅಳಿಯಂದಿರನ್ನು ಹೆಸರು ಹಿಡಿದು ಕರೆಯೋಣ ಎಂದರೆ ಅವರದೂ ನಮ್ಮ ಯಜಮಾನರದೂ ಒಂದೇ ಹೆಸರು. ಗಂಡು ನೋಡುವಾಗ ಜಾತಕ ನೋಡಿದೆವು, ನಕ್ಷತ್ರ ನೋಡಿದೆವು, ಇದನ್ನು ಯಾರೂ ನೋಡಲಿಲ್ಲ. ಗಂಡನ ಹೆಸರನ್ನು ಈ ಬಾಯಲ್ಲಿ ಒಮ್ಮೆಯೂ ಹೇಳಿದವಳಲ್ಲ, ಇಲ್ಲೂ ಬರೆಯುವುದಿಲ್ಲ, ನೀವೇ ಯಾವುದಾದರೂ ಒಂದು ಇಟ್ಟುಕೊಳ್ಳಿ. ಹಾಗಾಗಿ ಫ್ರಿಜ್ಜಿನ ಮುಂದೆ ನಿಂತು "ಸಾರು ಬಿಸಿ ಆಗಿದೆ" ಎನ್ನುತ್ತಿದ್ದೆ. ಅಳಿಯಂದಿರು ಬಂದು ಕೂರುತ್ತಿದ್ದರು. ಅವರಿಗೆ ಇನ್ನಷ್ಟು ಅನ್ನ ಬೇಕಾದರೆ ಉಪ್ಪಿನ ಡಬ್ಬಿಯ ಕಡೆ ನೋಡಿ "ಇವತ್ತು ಸಾರು ಚೆನ್ನಾಗಿದೆ" ಎನ್ನುತ್ತಿದ್ದರು. ಕನ್ನಡದವರ ಯುಗಾದಿ ಊಟದಲ್ಲಿ ಪಕ್ಕದೂರು ಡೌನರ್ಸ್ ಗ್ರೋವ್‌ನ ಒಬ್ಬ ಹೆಂಗಸು, "ಅಯ್ಯೋ ಆಂಟಿ, ಅಳಿಯನ್ ಜೊತೆ ಒಬ್ಬರೇ ಇದೀರಾ? ಆಕ್ವರ್ಡ್ ಆಗಲ್ವಾ?" ಎಂದು ಪಾಯಸ ಕುಡಿಯುತ್ತ ಕೇಳಿದಳು. "ಆಗುತ್ತೆ. ನಿಮ್ಮನೇಲಿ ಜಾಗ ಇದ್ಯಾ?" ಎಂದೆ. ಪಾಯಸ ನೆತ್ತಿಗೇರಿ ಕೆಮ್ಮಿದಳು.

ಹಿಮ ಕರಗಿದ ಮೇಲೆ ಬೇಸ್‌ಬಾಲ್ ಶುರುವಾಯಿತು. ಅಳಿಯಂದಿರಿಗೆ ಅದರ ಹುಚ್ಚು ಇದೆ ಎಂದು ನನಗೆ ಗೊತ್ತಿತ್ತು, ಎಷ್ಟು ಎಂದು ಗೊತ್ತಿರಲಿಲ್ಲ. ಒಂದು ಸಂಜೆ ನಾನು ಹುರುಳಿಕಾಯಿ ಮುರಿಯುತ್ತ ಕೂತಿದ್ದೆ, ಅವರು ಟಿ.ವಿ. ನೋಡುತ್ತಿದ್ದರು. ಆ ಆಟದಲ್ಲಿ ಬಹಳ ಹೊತ್ತು ಏನೂ ನಡೆಯುವುದಿಲ್ಲ. ಒಬ್ಬ ಉಗಿಯುತ್ತಾನೆ, ಒಬ್ಬ ಟೋಪಿ ಸರಿಮಾಡುತ್ತಾನೆ, ಇನ್ನೊಬ್ಬ ಪ್ಯಾಂಟು ಮೇಲೆಳೆದುಕೊಳ್ಳುತ್ತಾನೆ. ನಾನು ಹುರುಳಿಕಾಯಿಗೆ ಹೇಳಿದೆ: "ಇವರ್ಯಾಕೆ ಒಂದೇ ಕೈಗೆ ಚೀಲ ಹಾಕ್ಕೊಂಡಿದಾರೋ."

ಅಳಿಯಂದಿರು ಟಿ.ವಿ.ಗೆ ಉತ್ತರ ಕೊಟ್ಟರು. "ಮೊದಲೆಲ್ಲ ಬರಿಗೈಲೇ ಹಿಡೀತಿದ್ರು. ಮೊದಮೊದಲು ಗ್ಲೌಸ್ ಹಾಕ್ಕೊಂಡವನೊಬ್ಬ, ಜನ ನಗ್ತಾರೆ ಅಂತ ಮೈಬಣ್ಣದ್ದೇ ಹುಡುಕಿ ಹಾಕ್ಕೊಂಡಿದ್ನಂತೆ. ಆದ್ರೂ ನಕ್ಕರು."

"ಬಿಸಿ ಪಾತ್ರೆ ಇಳಿಸೋಕೆ ಬಟ್ಟೆ ಹಿಡ್ಕೊಂಡ್ರೆ ನಗೋದೇನಿದೆ? ನಗೋರ ಕೈಲೇ ಒಂದ್ಸಲ ಇಳಿಸಬೇಕಾಗಿತ್ತು" ಎಂದೆ.

ಅಳಿಯಂದಿರು ನಕ್ಕರು. ಅವರು ಮಾತಾಡಿದ್ದು ನನ್ನ ಕಡೆ ನೋಡಿ ಅಲ್ಲ, ನಕ್ಕಿದ್ದು ಮಾತ್ರ ನನ್ನ ಕಡೆ ನೋಡಿ. ಇಪ್ಪತ್ತು ವರ್ಷದ ಮೇಲಾಯಿತು ಮದುವೆಯಾಗಿ, ಅವರಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು.

ಅವರ ಹುಚ್ಚು ವಿಚಿತ್ರದ್ದು. ದೊಡ್ಡ ದೊಡ್ಡ ದಾಖಲೆ ಮಾಡಿದವರ ಬಗ್ಗೆ ಅವರಿಗೆ ಆಸಕ್ತಿಯಿಲ್ಲ. "ಅವರು ಎಲ್ಲರಿಗೂ ಗೊತ್ತಲ್ಲ" ಎನ್ನುತ್ತಾರೆ. ಯಾರಿಗೂ ಬೇಡವಾದ ದಾಖಲೆಗಳು, ಯಾರೂ ಕೇಳದ 'ಮೊದಲಿಗರು', ಅವೇ ಬೇಕು. ಓಡುವವರು ಒಂದಾದ ಮೇಲೊಂದು ಮುಟ್ಟುವ ಸ್ಟಾಪಿಗೆ ಬೇಸ್ ಎನ್ನುತ್ತಾರೆ. ಎರಡನೇ ಬೇಸ್ ಸೇರಿದ್ದವನೊಬ್ಬ ಎದುರಾಳಿಗಳನ್ನು ಗಲಿಬಿಲಿ ಮಾಡಲು ಮತ್ತೆ ಮೊದಲನೇ ಬೇಸ್‌ಗೇ ಓಡಿ ಅದನ್ನು ಕದ್ದನಂತೆ. ಈ ಆಟದಲ್ಲಿ ಕಣ್ತಪ್ಪಿಸಿ ಓಡುವ ಕಳ್ಳತನಕ್ಕೂ ಲೆಕ್ಕ ಬರೆದು ಮೆಚ್ಚುತ್ತಾರೆ, ಅದು ಬೇರೆ ಮಾತು. ಆಮೇಲೆ ಹಾಗೆ ಹಿಂದಕ್ಕೆ ಓಡಕೂಡದು ಎಂದು ಕಾನೂನೇ ಮಾಡಿದರಂತೆ. ನಮ್ಮ ಯಜಮಾನರು ಬಸ್ ಕಂಡಕ್ಟರಾಗಿದ್ದವರು. ಟಿಕೆಟ್ ಕೇಳುತ್ತ ಬಂದಾಗ ಎದ್ದು ಹಿಂದಿನ ಸೀಟಿಗೆ ಹೋಗಿ ಕೂರುವ ಜನರ ವಿಷಯ ಅವರು ಹೇಳುತ್ತಿದ್ದರು. "ಆ ಜಾತಿಯವನೇ ಇವನೂ" ಎಂದೆ. ಇನ್ನೊಬ್ಬ ಮಧ್ಯಾಹ್ನ ಒಂದು ಊರಿನಲ್ಲಿ ಒಂದು ತಂಡಕ್ಕೆ ಆಡಿ ಚೆಂಡು ಹೊಡೆದು, ಆಟದ ಮಧ್ಯದಲ್ಲೇ ಇನ್ನೊಂದು ತಂಡಕ್ಕೆ ಮಾರಾಟವಾಗಿ, ವಿಮಾನ ಹತ್ತಿ, ಅದೇ ದಿನ ಸಂಜೆ ಬೇರೆ ಊರಿನಲ್ಲಿ ಹೊಸ ತಂಡಕ್ಕೂ ಚೆಂಡು ಹೊಡೆದನಂತೆ. ಅಳಿಯಂದಿರು ಇದನ್ನು ಹೇಳುವಾಗ ಸೋಫಾದಿಂದ ಎದ್ದೇ ನಿಂತಿದ್ದರು. ನನಗೇನೂ ದೊಡ್ಡದೆನ್ನಿಸಲಿಲ್ಲ. "ಬೆಳಗ್ಗೆ ತೌರುಮನೇಲಿ ನೀರು ಸೇದಿ, ಸಾಯಂಕಾಲ ಗಂಡನ ಮನೇಲಿ ಸೇರು ಒದ್ದು ಒಳಗೆ ಹೋಗಿ ಅಲ್ಲೂ ಕೆಲಸ ಹಿಡಿದಿದೀವಪ್ಪ ನಾವೆಲ್ಲ. ಯಾರೂ ಬರ್ಕೊಂಡಿಲ್ಲ" ಎಂದೆ. ಅವರು ಟಿ.ವಿ.ಯ ಸದ್ದು ಕಡಿಮೆ ಮಾಡಿದರು. "ಅದು ನಿಜ" ಎಂದರು. ಗಂಡಸೊಬ್ಬ ನನ್ನ ಮಾತಿಗೆ ಸದ್ದು ಕಡಿಮೆ ಮಾಡಿದ್ದು ಅದೇ ಮೊದಲು. ಯಜಮಾನರು ದಿನವಿಡೀ ಬಸ್ಸಿನಲ್ಲಿ ಕೂಗಿ ಬಂದು ಮನೆಯಲ್ಲಿ ರೇಡಿಯೋ ಜೋರು ಮಾಡುತ್ತಿದ್ದರು.

ಮೇ ತಿಂಗಳಲ್ಲಿ ನನಗೆ ಜ್ವರ ಬಂತು. ಮೈಯೆಲ್ಲ ನಡುಗಿ ಹಾಸಿಗೆ ಹಿಡಿದೆ. ಸುಮ ಫೋನಿನಲ್ಲಿ ಅಳತೊಡಗಿದಳು. ಅವಳು ಅತ್ತರೆ ನನ್ನ ಜ್ವರ ಇಳಿಯುತ್ತದೆಯೇ? ಅಳಿಯಂದಿರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಮಾತ್ರೆ ತಂದರು, ಮೊಬೈಲಿನಲ್ಲಿ ನೋಡಿಕೊಂಡು ಗಂಜಿ ಮಾಡಿದರು. ಗಂಜಿ ಹೇಗಿತ್ತು ಎಂದರೆ, ಉಪ್ಪಿನಕಾಯಿ ಬೇಕಾಗಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಇಟ್ಟು, ಒಮ್ಮೆ ತಟ್ಟಿ, ಪಕ್ಕಕ್ಕೆ ಸರಿದು ನಿಂತರು. ಅತ್ತೆ ಮಲಗಿರುವ ಕೋಣೆಗೆ ಕಾಲಿಡುವವರಲ್ಲ ಅವರು. ಆದರೆ ಹೋಗಲೂ ಇಲ್ಲ. ಮಧ್ಯಾಹ್ನವೆಲ್ಲ ಬಾಗಿಲಾಚೆ ಕಾರ್ಪೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಯಾರೋ ಇದ್ದಾರೆ ಎಂದು ನನಗೆ ಗೊತ್ತಾಗಲಿ ಎಂದೋ ಏನೋ, ಆಫೀಸಿನ ಮಾತಿನ ನಡುನಡುವೆ ಬೇಸ್‌ಬಾಲ್ ಹೇಳತೊಡಗಿದರು. ಎಲ್ಲೋ ಸಣ್ಣ ಊರಿನ ಎರಡು ತಂಡ ಆಡಿದ ಅತಿ ಉದ್ದದ ಆಟದ ಕತೆ. ಸಂಜೆ ಶುರುವಾಗಿ ರಾತ್ರಿಯೆಲ್ಲ ನಡೆಯಿತಂತೆ. ಚಳಿಗೆ ಆಟಗಾರರು ಮುರಿದ ಬ್ಯಾಟು ಸುಟ್ಟು ಮೈ ಕಾಯಿಸಿಕೊಂಡರಂತೆ. ಬೆಳಗಿನ ಜಾವದವರೆಗೂ ಯಾರೂ ಗೆಲ್ಲಲಿಲ್ಲ, ಕೊನೆಗೆ ನಿಲ್ಲಿಸಿ, ಎಷ್ಟೋ ವಾರಗಳಾದ ಮೇಲೆ ಮತ್ತೆ ಆಡಿ ಮುಗಿಸಿದರಂತೆ. ಅಳಿಯಂದಿರು ಅದನ್ನು ಒಂದು ಚೆಂಡೂ ಬಿಡದೆ ಹೇಳಿದರು. ಆ ಆಟ ಮುಗಿಯುವ ಮೊದಲೇ ನನಗೆ ಬೆವರು ಬಿಟ್ಟು ಜ್ವರ ಇಳಿಯಿತು.

ನಮ್ಮ ಕಡೆ ಮನೆಯವರಿಗೆ ಥ್ಯಾಂಕ್ಸ್ ಹೇಳುವ ಪದ್ಧತಿ ಇಲ್ಲ. ಈ ದೇಶದಲ್ಲಿ ಬಾಗಿಲು ಹಿಡಿದು ನಿಂತವರಿಗೂ ಹೇಳುತ್ತಾರೆ, ಬಸ್ಸು ಇಳಿಯುವಾಗ ಡ್ರೈವರಿಗೂ ಹೇಳುತ್ತಾರೆ. ನನಗೆ ನಾಲಿಗೆ ಹೊರಳುವುದಿಲ್ಲ. ನನ್ನ ಕೃತಜ್ಞತೆ ಏನಿದ್ದರೂ ತುಪ್ಪದಲ್ಲಿ. ಅಳಿಯಂದಿರಿಗೆ ಕೊಲೆಸ್ಟರಾಲ್ ಇದೆ ಎಂದು ಸುಮ ಡೆಟ್ರಾಯಿಟ್‌ನಿಂದ ವಿಡಿಯೋದಲ್ಲಿ ತಟ್ಟೆ ತೋರಿಸಲು ಹೇಳಿ ಬೈದಳು. ಬೈಯಲಿ. ಬಾಗಿಲ ಹೊರಗೆ ಕೂತಿದ್ದವರು ಅವರು, ಅವಳಲ್ಲ.

ಜುಲೈಯಲ್ಲಿ ಅವಳ ಫೋನು ಬಂತು. "ಅಮ್ಮಾ, ಟೂ ಬೆಡ್‌ರೂಮ್ ಸಿಕ್ತು! ಹತ್ತಿರದಲ್ಲೇ ದೇವಸ್ಥಾನ, ಇಂಡಿಯನ್ ಸ್ಟೋರು. ಮುಂದಿನ ತಿಂಗಳು ಬಂದು ಬಿಡು. ಅವರಿಗೂ ಮುಜುಗರ ತಪ್ಪುತ್ತೆ." ಚಳಿಗಾಲದಲ್ಲಿ ಗೋಗರೆದವಳು ನಾನೇ. ಈಗ ಹೂಂ ಎನ್ನಲು ಬಾಯಿ ಬರಲಿಲ್ಲ. ಅವಳ ಕೊನೆಯ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ನಿಜವಾಗಿಯೂ ಅವರಿಗೆ ಮುಜುಗರವೇ? ಪಾಪ, ಮನೆಯಲ್ಲಿ ಚಡ್ಡಿ ಹಾಕಿಕೊಂಡು ಓಡಾಡಲೂ ಆಗದೆ ಪ್ಯಾಂಟು ಹಾಕಿಕೊಂಡೇ ಇರುತ್ತಾರೆ. ಮುದುಕಿ ಯಾವಾಗ ತೊಲಗುತ್ತಾಳೋ ಎಂದು ಕಾಯುತ್ತಿದ್ದಾರೋ ಏನೋ. ಕೇಳುವುದು ಹೇಗೆ? ಸಾರು ಬಿಸಿಯಾಗಿದೆ ಎಂದು ಫ್ರಿಜ್ಜಿಗೆ ಹೇಳಬಹುದು, ನಾನು ಇಲ್ಲಿ ಇರಲೋ ಬೇಡವೋ ಎಂದು ಫ್ರಿಜ್ಜನ್ನು ಕೇಳಲಾಗುತ್ತದೆಯೇ? ನನ್ನ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ ಕೊಡಿ ಎಂದು ಸುಮ ಅಳಿಯಂದಿರಿಗೆ ಹೇಳಿದ್ದಳಂತೆ, ಇಳಿಸಿದರು. ಒರೆಸಿಯೂ ಇಟ್ಟರು. ಅಷ್ಟು ಅವಸರವೇ ಎಂದುಕೊಂಡು ನಾನು ಅದರ ಮೇಲೆ ಹಳೇ ಸೀರೆಯೊಂದನ್ನು ಹೊದಿಸಿದೆ.

ಆಗಸ್ಟಿನಲ್ಲಿ ನಮ್ಮ ಚಿಕಾಗೋ ತಂಡದವರು ಡೆಟ್ರಾಯಿಟ್‌ಗೆ ಆಡಲು ಹೋದಾಗ ನಾವೂ ಹೋದೆವು. ಆಟ ನೋಡಿ, ನನ್ನನ್ನು ಮಗಳ ಮನೆಯಲ್ಲಿ ಬಿಟ್ಟು, ಅಳಿಯಂದಿರು ಒಬ್ಬರೇ ವಾಪಸು ಬರುವುದು ಎಂದು ಸುಮಳ ಏರ್ಪಾಡು. ಸೂಟ್‌ಕೇಸು ಕಾರಿನ ಡಿಕ್ಕಿಯಲ್ಲಿತ್ತು. ಇಲ್ಲಿನವರ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು. ಸೀರೆ ಉಟ್ಟು, ಶೂ ಹಾಕಿ, ತಲೆಗೆ ನಿಧಿಯ ಹಳೇ ಟೋಪಿ ಇಟ್ಟುಕೊಂಡು ಮಗಳಿಗೂ ಅಳಿಯಂದಿರಿಗೂ ನಡುವೆ ಕೂತೆ. ಸುತ್ತ ಇದ್ದವರೆಲ್ಲ ಡೆಟ್ರಾಯಿಟ್ ಕಡೆಯವರು. ಮೈದಾನದಲ್ಲಿ ಯಥಾಪ್ರಕಾರ ಉಗಿಯುತ್ತಿದ್ದರು.

"ಅಮ್ಮಂಗೆ ಹೊಸ ಮಂಚ ತರಿಸಿದೀನಿ" ಎಂದಳು ಸುಮ. ನಾನು ಕೋಡುಬಳೆ ಕಡಿದೆ. "ಏನಮ್ಮ, ಮಾತೇ ಇಲ್ಲ?" ಎಂದಳು. ಇನ್ನೊಂದು ಕಡಿದೆ. ಅವಳು ನನ್ನನ್ನು ದಾಟಿ ಬಗ್ಗಿ ಗಂಡನಿಗೆ ಹೇಳಿದಳು: "ರೀ, ನೀವಾದ್ರೂ ಹೇಳಿ."

ಅಳಿಯಂದಿರು ಮೈದಾನದಿಂದ ಕಣ್ಣು ಕೀಳಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ಸೀಸನ್ನು ಅಕ್ಟೋಬರ್‌ವರೆಗೂ ಇದೆ" ಎಂದರು.

"ನಾನು ಕೇಳಿದ್ದೇನು, ನೀವು ಹೇಳ್ತಿರೋದೇನು?"

"ಅರ್ಧಕ್ಕೆ ಬಿಟ್ಟು ಹೋದ್ರೆ ನಿಮ್ಮಮ್ಮಂಗೆ ಮುಂದೇನಾಯ್ತು ಅಂತ ಗೊತ್ತಾಗಲ್ಲ" ಎಂದರು. ಇನ್ನೂ ಮೆತ್ತಗೆ, "ಆಮೇಲೆ ಚಳಿಗಾಲದಲ್ಲಿ ಹಳೇ ಆಟಗಳದ್ದು ಹೇಳೋದಿದೆ, ಅದು ಬೇಕಾದಷ್ಟಿದೆ" ಎಂದರು.

ನಾಲ್ಕನೇ ಕ್ಲಾಸಾದರೂ ಇಷ್ಟು ನನಗೆ ಅರ್ಥವಾಗುತ್ತದೆ. "ನಾನು ಬರಲ್ಲ ಕಣೇ" ಎಂದೆ.

"ನನಗಿಂತ ಅಳಿಯಂದಿರೇ ಹೆಚ್ಚಾದ್ರಾ ನಿಂಗೆ?"

"ಹೂಂ" ಎಂದೆ. ಸಮಾಧಾನದ ಮಾತು ಹೇಳಬಹುದಿತ್ತು. ಅದು ಹೊಳೆಯುವಷ್ಟರಲ್ಲಿ ಹೂಂ ಎಂದು ಆಗಿಹೋಗಿತ್ತು. "ನೀನು ಬೆಳಗ್ಗೆ ಹೋದ್ರೆ ಕತ್ತಲಾದ ಮೇಲೆ ಬರ್ತೀಯ. ಹೊಸ ಮಂಚದ ಜೊತೆ ಏನು ಮಾತಾಡ್ಲಿ?"

ಸುಮಳ ಕಣ್ಣು ತುಂಬಿತು, ಸಿಟ್ಟೂ ಬಂತು. "ಮಗಳನ್ನ ಬಿಟ್ಟು ಅಳಿಯನ ಜೊತೆ ಹೋಗ್ತೀನಿ ಅಂದ ಅತ್ತೆ ಈ ಪ್ರಪಂಚದಲ್ಲೇ ನೀನೇ ಫಸ್ಟು!"

ಅಳಿಯಂದಿರು ತಟ್ಟನೆ ಈ ಕಡೆ ತಿರುಗಿದರು. "ಹಂಗೆ ಸುಮ್ನೆ ಹೇಳೋಕಾಗಲ್ಲ ಸುಮ. ವೆರಿಫೈ ಮಾಡಬೇಕು." ತಮಾಷೆಗೆ ಹೇಳಿದ್ದಲ್ಲ, ಮೊಬೈಲನ್ನೂ ಕೈಗೆ ತೆಗೆದುಕೊಂಡಿದ್ದರು. ಸುಮ ಅವರನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆಟ ಮುಗಿಯುವವರೆಗೆ ನಮ್ಮಿಬ್ಬರೊಡನೆ ಮಾತಾಡಲಿಲ್ಲ. ಪಾರ್ಕಿಂಗಿನಲ್ಲಿ ಉಳಿದ ಕೋಡುಬಳೆಯ ಡಬ್ಬಿ ಕೊಟ್ಟರೆ ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ.

ಕಾರಿನಲ್ಲಿ ನನಗೆ ಸಂಕಟ. ಹೆತ್ತ ಮಗಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆನಲ್ಲ. ದಾರಿಯಲ್ಲಿ ಕಲಮಜೂ ಎನ್ನುವ ಊರು ದಾಟುವವರೆಗೆ ಅಳಿಯಂದಿರು ಏನೇನೋ ಹೇಳಿದರು. ನಾನು ಕಣ್ಣು ಮುಚ್ಚಿದ್ದನ್ನು ನೋಡಿ ನಿಲ್ಲಿಸಿದರು. ಮಾತು ನಿಂತದ್ದೇ ಹೊಸ ಭಯ ಶುರುವಾಯಿತು: ಹೆಂಡತಿಯ ಕೋಪ ಕಟ್ಟಿಕೊಂಡೆನಲ್ಲ, ಈ ಮುದುಕಿಯನ್ನು ಯಾಕಾದರೂ ಉಳಿಸಿಕೊಂಡೆನೋ ಎಂದು ಯೋಚಿಸುತ್ತಿದ್ದಾರೇನೋ. "ಆಮೇಲೇನಾಯ್ತು?" ಎಂದೆ, ಅವರ ಮುಖವನ್ನೇ ನೋಡಿ. "ಅತ್ತೆ, ನಿದ್ದೆ ಬಂತೇನೋ ಅಂತ ಸುಮ್ಮನಾದೆ" ಎಂದು ಸಂತೋಷವಾಗಿ ಶುರುಮಾಡಿದರು. ಎಡಗೈಯವನೊಬ್ಬನ ಕತೆ. ಮೊದಲ ಎರಡು ವಾಕ್ಯ ನೆನಪಿದೆ.

ಮರುದಿನ ಬೆಳಗ್ಗೆ ಸುಮಳ ಫೋನು. ಬೈಗುಳ ಕೇಳಲು ಸಿದ್ಧಳಾಗಿ ಹಿಡಿದರೆ ಅವಳು ಮಾತೇ ಹೊರಡದ ಹಾಗೆ ನಗುತ್ತಿದ್ದಾಳೆ. "ಅಮ್ಮಾ, ಆಮೇಲೇನಾಯ್ತು ಅಂತ ಕೇಳಿ, ಹೇಳೋಕೆ ಶುರು ಮಾಡಿದ ತಕ್ಷಣ ಗೊರಕೆ ಹೊಡೆದ್ಯಂತೆ? ಇಡೀ ಇಂಡಿಯಾನಾ ರಾಜ್ಯ ಬಂದು ಹೋಗಿದ್ದೂ ಗೊತ್ತಾಗಲಿಲ್ವಂತೆ? ಪಾಪ, ನಿಂಗೆ ಎಚ್ಚರ ಆದ್ರೆ ಬೇಜಾರಾಗುತ್ತೆ ಅಂತ ಅವರು ಮನೇವರೆಗೂ ಕತೆ ನಿಲ್ಲಿಸ್ಲೇ ಇಲ್ವಂತೆ!" ಬಿಟ್ಟು ಬಿಟ್ಟು ನಕ್ಕಳು. ಈ ಶುಕ್ರವಾರ ಬರುತ್ತೇನೆ, ಅಕ್ಕಿರೊಟ್ಟಿ ಮಾಡಿಡು ಎಂದಳು. ನಾನು ದೇವರಿಗೆ ಕೈಮುಗಿದೆ. ಎಚ್ಚರವಿದ್ದಾಗ ಬಾಯಿಬಿಟ್ಟು ಕೆಡಿಸಿದ್ದನ್ನು ನಿದ್ದೆಯಲ್ಲಿ ಬಾಯಿಬಿಟ್ಟು ಸರಿಮಾಡಿದ್ದೆ. ಅದೂ ನಾನು ಮಾಡಿದ್ದು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಕೊಳ್ಳುತ್ತೇನೆ.