ನಮ್ಮ ಮಾವನವರು ಹೊರಡಿಸುವ ಚಳಿಗಾಲ

ನಂಜನಗೂಡಿಗೆ ಚಳಿಗಾಲ ಬರುವುದು ನಮ್ಮ ಮಾವನವರ ಒಪ್ಪಿಗೆ ಸಿಕ್ಕ ಮೇಲೆಯೇ! ಸುಳ್ಳಲ್ಲ. ಪೇಪರಿನವರು ಬೇಕಾದ್ದು ಬರೆದುಕೊಳ್ಳಲಿ, ಟೀವಿಯ ಹುಡುಗಿ ಭೂಪಟದ ಮುಂದೆ ನಿಂತು ಎಷ್ಟಾದರೂ ಕೈಯಾಡಿಸಲಿ, ಮಾವನವರು 'ಹೂಂ' ಅನ್ನುವ ತನಕ ನಮ್ಮ ಬೀದಿಯಲ್ಲಿ ಯಾರಿಗೂ ಚಳಿಯಾಗುವ ಹಾಗಿಲ್ಲ. ದೀಪಾವಳಿಯ ಮಾರನೆಯ ದಿನವೇ ಶಾಲು ಹೊದ್ದು ಜಗಲಿಗೆ ಬಂದ ಎದುರುಮನೆಯವರಿಗೆ, ಇನ್ನೂ ಬಂದಿಲ್ಲ, ಈಗಲೇ ಯಾಕೆ ಅವಸರ ಎಂದು ಹೇಳಿ ಶಾಲು ತೆಗೆಸಿದ ಮಹಾನುಭಾವರು ಅವರು.

ಅವರ ಹವಾಮಾನ ಇಲಾಖೆ ಇರುವುದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ. ಒಂದು ಕೊಬ್ಬರಿ ಎಣ್ಣೆ ಶೀಶೆ, ಅಷ್ಟೇ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೂಜೆ ಮುಗಿಸಿ ನೇರವಾಗಿ ಬಂದು ಆ ಶೀಶೆಯನ್ನು ಬಗ್ಗಿಸಿ ನೋಡುತ್ತಾರೆ. ಎಣ್ಣೆ ಸರಾಗವಾಗಿ ಹರಿದರೆ ಮಳೆಗಾಲ ಮುಗಿದಿಲ್ಲ ಅಂತ ಲೆಕ್ಕ. ಹರಿಯಲೋ ಬೇಡವೋ ಅಂತ ಅನುಮಾನಿಸಿದರೆ, ನಾಳೆ ನೋಡೋಣ. ಶೀಶೆ ತಲೆಕೆಳಗಾದರೂ ಎಣ್ಣೆ ಜಗ್ಗದೆ ಬಿಳಿಯಾಗಿ ಕೂತಿತೋ, ಚಳಿಗಾಲ ಘೋಷಣೆಯಾಯಿತು! ಅವತ್ತು ನಮ್ಮತ್ತೆ ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕೆಂದು ಶೀಶೆಯನ್ನು ಬಿಸಿನೀರಿಗೆ ಇಟ್ಟರೆ ಮಾವನವರಿಗೆ ಎಲ್ಲಿಲ್ಲದ ಸಿಟ್ಟು. ಸರ್ಕಾರಿ ದಾಖಲೆಯನ್ನು ತಿದ್ದಿದಷ್ಟು ದೊಡ್ಡ ಅಪರಾಧ ಅದು!

ಘೋಷಣೆ ಮನೆಯೊಳಗೇ ಉಳಿದರೆ ಪರವಾಗಿರಲಿಲ್ಲ. ನಮ್ಮದು ದೇವಸ್ಥಾನಕ್ಕೆ ಹೋಗುವ ಬೀದಿಯಲ್ಲೊಂದು ಬಟ್ಟೆ ಅಂಗಡಿ. ಮಾವನವರು ನಡೆಸುತ್ತಿದ್ದದ್ದು, ಈಗ ನನ್ನ ಗಂಡ ನೋಡಿಕೊಳ್ಳುತ್ತಾರೆ. ಅಂಗಡಿಯ ಮುಂದೆ ಹೊಸ ಸರಕು ಬಂದದ್ದನ್ನು ತಿಳಿಸಲು ಒಂದು ಕಪ್ಪು ಹಲಗೆ ಇದೆ. ಚಳಿಗಾಲ ಘೋಷಣೆಯಾದ ದಿನ ಮಾವನವರು ಅದನ್ನು ವಶಪಡಿಸಿಕೊಂಡು, ದುಂಡು ಅಕ್ಷರದಲ್ಲಿ ಊರಿನವರಿಗೆಲ್ಲ ಸೂಚನೆ ಬರೆಯುತ್ತಾರೆ. 'ಚಳಿ ಬಂದಿದೆ. ರಗ್ಗು, ಕಂಬಳಿ ಬಿಸಿಲಿಗೆ ಹಾಕಿ. ಗ್ಯಾಸ್ ಗೀಸರ್ ಇರುವವರು ಬಚ್ಚಲುಮನೆಯ ಕಿಟಕಿ ಮುಚ್ಚಬೇಡಿ. ಮಕ್ಕಳ ತುಟಿಗೆ ಬೆಣ್ಣೆ ಹಚ್ಚಿ. ಹೊಸ ಸ್ವೆಟರ್ ಕೊಳ್ಳುವ ಮೊದಲು ಹಳೆಯದು ಎಲ್ಲಿದೆ ಹುಡುಕಿ.'

ಕೊನೆಯ ಸಾಲು ಓದಿ ನನ್ನ ಗಂಡ ತಲೆಯ ಮೇಲೆ ಕೈಹೊತ್ತು ಕೂತರು. ಗೋಡೌನಿನಲ್ಲಿ ಸ್ವೆಟರಿನ ಮೂಟೆಗಳು ಆಗಷ್ಟೇ ಬಂದು ಬಿದ್ದಿದ್ದವು.

"ಅಪ್ಪಾಜಿ, ನಾವು ಸ್ವೆಟರ್ ಮಾರೋರು" ಎಂದರು.

"ಮಾರಪ್ಪ, ಯಾರು ಬೇಡ ಅಂದ್ರು? ಇಲ್ದೋರಿಗೆ ಮಾರು. ಇರೋರಿಗ್ಯಾಕೆ?" ಎಂದು ಮಾವನವರು ಸೀಮೆಸುಣ್ಣದ ಕೈ ಕೊಡವಿಕೊಂಡರು.

ಧನುರ್ಮಾಸದಲ್ಲಿ ಹಲಗೆಗೆ ಇನ್ನೊಂದು ಸಾಲು ಸೇರಿತು. ಕೊರೆಯುವ ನೀರಿಗೆ ಏಕಾಏಕಿ ಮುಳುಗಿ ಯಾರಾದರೂ ಎದೆ ಹಿಡಿದುಕೊಂಡಾರು ಎಂಬ ಕಾಳಜಿಯಿಂದ, 'ಹೊಳೆಯಲ್ಲಿ ಸ್ನಾನ ಮಾಡುವವರು ಮೊದಲು ಪಾದ, ಆಮೇಲೆ ಮಂಡಿ, ಆಮೇಲೆ ಸೊಂಟ, ಕೊನೆಗೆ ತಲೆ ನೆನೆಸಿ' ಎಂದು ಬರೆದರು. ಯಾವುದೋ ದೂರದ ಊರಿನಿಂದ ಬಸ್ಸು ಮಾಡಿಕೊಂಡು ಬಂದ ಭಕ್ತರು ಇದನ್ನು ಕ್ಷೇತ್ರದ ಪದ್ಧತಿ ಎಂದೇ ತಿಳಿದುಬಿಟ್ಟರು! ಕಪಿಲೆಯ ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಪಾದಕ್ಕೊಂದು ಸಲ ನಂಜುಂಡಾ, ಮಂಡಿಗೊಂದು ಸಲ ನಂಜುಂಡಾ, ಸೊಂಟಕ್ಕೊಂದು ಸಲ ನಂಜುಂಡಾ ಎಂದು ಕೈಮುಗಿದು ಮುಗಿದು ಮುಳುಗಿದರಂತೆ. ಅದರಲ್ಲೊಬ್ಬ ಅಜ್ಜಿ ಒದ್ದೆ ಸೀರೆಯಲ್ಲೇ ಅಂಗಡಿಗೆ ಬಂದು, ತಾನು ಮಂಡಿ ಮರೆತು ಸೊಂಟಕ್ಕೆ ಹೋಗಿಬಿಟ್ಟೆ, ಏನಾದರೂ ದೋಷ ಉಂಟೇ ಎಂದು ಗಾಬರಿಯಿಂದ ಕೇಳಿದರು. ಮಾವನವರು ಸ್ವಲ್ಪವೂ ನಗದೆ, ದೋಷವೇನಿಲ್ಲ ತಾಯಿ, ಮಂಡಿಗೆ ಒಂಚೂರು ಎಣ್ಣೆ ಹಚ್ಚಿಕೊಳ್ಳಿ ಎಂದು ಸಮಾಧಾನ ಹೇಳಿ ಕಳಿಸಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಮಾವನವರ ಚಳಿಗಾಲದ ಖಾತೆ ಹಲಗೆಯಿಂದ ರಸ್ತೆಗೆ ಇಳಿದದ್ದು ನನ್ನ ದೆಸೆಯಿಂದ.

ನಾನು ತಿ. ನರಸೀಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ಹೆರಿಗೆ ವಾರ್ಡು. ಬೆಳಗಿನ ಪಾಳಿ ಬಂದಾಗ ಬಸ್ಸು ನೆಚ್ಚಿಕೊಂಡರೆ ಹೊತ್ತಿಗೆ ಮುಟ್ಟುವುದಿಲ್ಲ, ಹಾಗಾಗಿ ಸ್ಕೂಟರಿನಲ್ಲಿ ಹೋಗುತ್ತೇನೆ. ಬೇಸಿಗೆ, ಮಳೆ ಏನೂ ಭಯವಿಲ್ಲ. ಚಳಿಗಾಲದ್ದೇ ತಕರಾರು. ಹೊಳೆ, ಕಾಲುವೆ, ಗದ್ದೆಗಳಿಂದ ಎದ್ದ ಮಂಜು ರಸ್ತೆಯ ಮೇಲೆ ಹಾಸಿಕೊಂಡು ಮಲಗಿರುತ್ತದೆ. ಅದೇ ಹೊತ್ತಿಗೆ ಕಬ್ಬು ಕಡಿಯುವ ಕಾಲ. ಆನೆಯಷ್ಟು ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಿಂದೆ ಒಂದು ಮಿಣುಕು ದೀಪವೂ ಇಲ್ಲದೆ ಹೋಗುತ್ತಿರುತ್ತವೆ. ಹೋಗುತ್ತಿವೆಯೋ ನಿಂತಿವೆಯೋ ಹತ್ತಿರ ಹೋಗುವ ತನಕ ಶಿವನಿಗೂ ಗೊತ್ತಾಗುವುದಿಲ್ಲ.

ಹಿಂದಿನ ವರ್ಷದ ಚಳಿಯಲ್ಲಿ ಹಾಗೇ ಆಯಿತು. ಕಣ್ಣಮುಂದೆ ಇದ್ದಕ್ಕಿದ್ದಂತೆ ಕಬ್ಬಿನ ಗೋಡೆ. ಬ್ರೇಕ್ ಒತ್ತಿದೆ, ಸ್ಕೂಟರು ಜಾರಿತು, ನಾನು ಕಾಲುವೆ ಏರಿಯ ಮೇಲೆ ಬಿದ್ದೆ. ಮಂಡಿ ತರಚಿ, ತಲೆತುಂಬ ಕಬ್ಬಿನ ಸೋಗೆ ಸಿಕ್ಕಿಸಿಕೊಂಡು ಮನೆಗೆ ಬಂದೆ. ಅತ್ತೆ ಅಳುತ್ತಲೇ ಗಾಯ ತೊಳೆದರು. ತೊಳೆದು ಮುಗಿಸಿ ತೀರ್ಪು ಕೊಟ್ಟರು.

"ಸಾಕು ಮಗಾ. ಇನ್ನೊಂದ್ಸಲ ಹಿಂಗಾದ್ರೆ ಕೆಲಸ ಬಿಟ್ಬಿಡ್ಬೇಕು. ನನ್ ಮಾತು ಕೇಳು."

ನನ್ನ ಗಂಡ ನೆಲ ನೋಡುತ್ತ ತಲೆಯಾಡಿಸಿದರು. ಫೋನಿನಲ್ಲಿ ನನ್ನ ಹೆತ್ತ ತಾಯಿಯೂ ಅತ್ತೆಯ ಪಕ್ಷವನ್ನೇ ಸೇರಿದರು! ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಎಲ್ಲರದೂ ಪ್ರೀತಿಯೇ. ಆದರೆ ನನಗೆ ಆ ಕೆಲಸವೆಂದರೆ ಪ್ರಾಣ. ಕಷ್ಟಪಟ್ಟು ಓದಿ ಸಂಪಾದಿಸಿದ್ದು. ಎಷ್ಟೋ ಕೂಸುಗಳ ಮೊದಲ ಅಳುವನ್ನು ಕೇಳಿದ ಕಿವಿ ಇದು. ಇನ್ನೊಂದು ಸಲ ಬಿದ್ದರೆ ಎಲ್ಲ ಮುಗಿಯಿತು. ಮಾವನವರು ಮಾತ್ರ ಬಿಡು ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ಪಂಚೆ ಮೇಲಕ್ಕೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದರು. ಅಲ್ಲಿ ನಂಬರ್ ಪ್ಲೇಟ್ ಬರೆಯುವ ಅಂಗಡಿಯಿಂದ, ಬೆಳಕು ಬಿದ್ದರೆ ಫಳಕ್ಕನೆ ಹೊಳೆಯುವ ಕೆಂಪು ರೇಡಿಯಂ ಪಟ್ಟಿಯ ದೊಡ್ಡ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

ಅಲ್ಲಿಂದ ಶುರುವಾಯಿತು ನೋಡಿ! ಮೊದಲು ನನ್ನ ಹೆಲ್ಮೆಟ್ಟು, ಸ್ಕೂಟರು. ಸರಿ, ಒಪ್ಪೋಣ. ಆಮೇಲೆ ಊಟದ ಡಬ್ಬಿ, ಚಪ್ಪಲಿ, ಕೊಡೆ, ಕೊನೆಗೆ ನನ್ನ ಒಂದೇ ಒಂದು ಒಳ್ಳೆಯ ಸ್ವೆಟರಿನ ಬೆನ್ನಿಗೂ ದೊಡ್ಡದೊಂದು ಚೌಕವನ್ನು ಹೊಲಿದುಬಿಟ್ಟರು. ಅದು ನೆನಪಿಲ್ಲದೆ ನಾನು ರೇಷ್ಮೆ ಸೀರೆಯ ಮೇಲೆ ಅದೇ ಸ್ವೆಟರು ಹಾಕಿಕೊಂಡು ಒಂದು ಆರತಕ್ಷತೆಗೆ ಹೋದೆ. ಆಲ್ಬಂ ಬಂದಾಗ ನೋಡಿದರೆ, ನಾನು ಹಿಂತಿರುಗಿ ನಿಂತ ಫೋಟೋಗಳಲ್ಲೆಲ್ಲ ವಧೂವರರ ಪಕ್ಕದಲ್ಲಿ ಒಂದು ಕೆಂಪು ಸೂರ್ಯೋದಯ! ಫೋಟೋದವನು ಕ್ಯಾಮೆರಾ ಕೆಟ್ಟಿದೆ ಎಂದು ರಿಪೇರಿಗೆ ಕೊಟ್ಟಿದ್ದನಂತೆ ಪಾಪ.

ಮುಂದಿನ ಸರದಿ ನಮಗೆ ಹಾಲು ಹಾಕುವವನ ಎಮ್ಮೆಯದು. ಮಂಜಿನಲ್ಲಿ ಕರಿ ಎಮ್ಮೆ ಯಾರಿಗೆ ಕಾಣುತ್ತದೆ? ಎರಡು ಕೊಂಬಿಗೂ ಸುತ್ತಿದರು. ಮಾರನೆಯ ಬೆಳಿಗ್ಗೆ ವಾಕಿಂಗ್ ಹೊರಟ ಎದುರುಮನೆಯ ಯಜಮಾನರು, ಆ ಶಾಲಿನವರೇ, ಟಾರ್ಚು ಬಿಟ್ಟು ನೋಡುತ್ತಾರೆ, ಮಂಜಿನೊಳಗಿಂದ ಕೆಂಡದಂಥ ಎರಡು ಕೊಂಬು ತಮ್ಮ ಕಡೆಗೇ ಬರುತ್ತಿವೆ! ಎಮ್ಮೆ ಕಾಣುತ್ತಿಲ್ಲ, ಕೊಂಬು ಮಾತ್ರ. ಅವರು ಇದ್ದಲ್ಲೇ ಕುಸಿದು ಕೂತು, ಮೊಮ್ಮಗಳ ಮದುವೆಯೊಂದು ಬಾಕಿಯಿದೆ, ಅದು ಮುಗಿಯುವ ತನಕ ಬಿಟ್ಟುಬಿಡಬೇಕೆಂದು ಕೈಮುಗಿದು ಬೇಡಿಕೊಂಡರಂತೆ. ಎಮ್ಮೆ ಒಪ್ಪಿಕೊಂಡು ಮುಂದೆ ಹೋಯಿತು.

ಇವೆಲ್ಲ ತಾಲೀಮು. ಮಾವನವರ ಕಣ್ಣು ಇದ್ದದ್ದು ಕಬ್ಬಿನ ಗಾಡಿಗಳ ಮೇಲೆ. ಒಂದು ಸಂಜೆ ಊರಾಚೆಯ ತಿರುವಿನಲ್ಲಿ ನಿಂತು, ಆಲೆಮನೆಗೆ ಕಬ್ಬು ಇಳಿಸಿ ವಾಪಸಾಗುತ್ತಿದ್ದ ಗಾಡಿಗಳನ್ನೆಲ್ಲ ತಡೆದು, ಹಿಂಬದಿಯ ಹಲಗೆಗೆ ಪಟ್ಟಿ ಅಂಟಿಸಿ ಗೆದ್ದುಬಂದರು. ಅತ್ತೆಯಿಂದ ಒಂದು ಲೋಟ ಹೆಚ್ಚುವರಿ ಕಾಫಿಯನ್ನೂ ಗಿಟ್ಟಿಸಿದರು. ಬೆಳಿಗ್ಗೆ ನಾನು ನೋಡಿದೆ, ಒಂದು ಪಟ್ಟಿಯೂ ಕಾಣಿಸಲಿಲ್ಲ! ಖಾಲಿ ಗಾಡಿಗೆ ಅಂಟಿಸಿದ್ದರಲ್ಲ? ಕಬ್ಬು ತುಂಬಿದ ಮೇಲೆ ಸೋಗೆ ಹಿಂದಕ್ಕೆ ಜೋತುಬಿದ್ದು ಪಟ್ಟಿಯನ್ನೆಲ್ಲ ಮುಚ್ಚಿಕೊಂಡಿತ್ತು. ಇದನ್ನು ಹೇಳಿದಾಗ ಮಾವನವರ ಮುಖ ನೋಡಬೇಕಿತ್ತು ನೀವು. ಆದರೆ ಸೋಲುವ ಆಸಾಮಿಯೇ ಅವರು? ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಹೊಲಿಗೆ ಮೆಷಿನ್ ಮುಂದೆ ಕೂತು, ಪ್ರತಿಯೊಂದಕ್ಕೂ ರೇಡಿಯಂ ಪಟ್ಟಿ ಹೊಲಿದು, ಮೂಲೆಗೆ ದಾರ ಕಟ್ಟಿ ಪರದೆ ಮಾಡಿದರು. ಇದನ್ನು ಕಬ್ಬು ತುಂಬಿದ ಮೇಲೆ ಸೋಗೆಯ ತುದಿಗೇ ಕಟ್ಟಬೇಕು. ಹೂವಿನ ಚೀಟಿ ಬಟ್ಟೆ, ಚೌಕಳಿ, ಲಂಗದ ಜರಿ, ಯಾವುದನ್ನೂ ಬಿಡಲಿಲ್ಲ.

ಊರು ಬಿಟ್ಟೀತೇ? ಕಬ್ಬಿನ ಗಾಡಿಗಳಿಗೆಲ್ಲ ಲಂಗ ತೊಡಿಸಿದ ಯಜಮಾನರು ಎಂದು ಹೆಸರಾಯಿತು. ಕೆಲವು ಡ್ರೈವರುಗಳು ಪರದೆಯಲ್ಲಿ ಗ್ರೀಸ್ ಒರೆಸಿದರು. ಒಬ್ಬನಂತೂ ತಲೆಗೆ ಸುತ್ತಿಕೊಂಡು ಓಡಾಡಿದ. ಮಾವನವರಿಗೆ ಬೇಜಾರೇ ಇಲ್ಲ! ಅವನಿಗಾದರೂ ಯಾರೂ ಗುದ್ದುವುದಿಲ್ಲವಲ್ಲ ಎಂದು ಇನ್ನೊಂದು ಹೊಲಿದುಕೊಟ್ಟರು. ದಿನಾ ಬೆಳಿಗ್ಗೆ ನನಗಿಂತ ಮೊದಲೇ ಎದ್ದು, ಮಫ್ಲರ್ ಸುತ್ತಿಕೊಂಡು, ಸೈಕಲ್ಲಿಗೆ ಪರದೆಗಳ ಚೀಲ ಸಿಕ್ಕಿಸಿ ಆ ತಿರುವಿಗೆ ಹೋಗಿ ನಿಲ್ಲುತ್ತಿದ್ದರು. ನಾನು ಹಾದುಹೋಗುವಾಗ ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಯಾವುದೋ ಗಾಡಿಯ ಹಿಂದೆ ದಾರ ಬಿಗಿಯುತ್ತಿರುತ್ತಿದ್ದರು.

ಈ ಸಲದ ಚಳಿ ಜೋರು. ಸಂಕ್ರಾಂತಿಗೆ ಮುಂಚೆ ಮಾವನವರು ಕೆಮ್ಮು, ಜ್ವರ ಒಟ್ಟಿಗೇ ಬಂದು ಹಾಸಿಗೆ ಹಿಡಿದರು. ಆ ವಾರವೇ ನನಗೆ ಬೆಳಗಿನ ಪಾಳಿ. ಒಂದು ದಿನವಂತೂ ಬಾಗಿಲು ತೆಗೆದರೆ ಎದುರುಮನೆಯೇ ಇಲ್ಲ, ಅಷ್ಟು ಮಂಜು. ಅತ್ತೆ ಬಾಗಿಲಲ್ಲಿ ನಿಂತು ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿದರು. ಹೋದ ವರ್ಷದ ತೀರ್ಪು ಮತ್ತೆ ಕೇಳಿಸಿದಂತಾಯಿತು. ತಿರುವಿನಲ್ಲಿ ಮಾವನವರಿಲ್ಲ. ಇವತ್ತು ಬಿದ್ದರೆ ನನ್ನ ಕೆಲಸ ಹೋಯಿತು ಎಂದುಕೊಂಡು ಜೀವ ಬಿಗಿಹಿಡಿದು ಸ್ಕೂಟರು ಓಡಿಸಿದೆ.

ಊರು ದಾಟಿ ಸ್ವಲ್ಪ ಹೋಗಿದ್ದೆ. ನನ್ನ ಲೈಟಿನ ಬೆಳಕಿಗೆ ದೂರದಲ್ಲಿ ಫಳಕ್ಕೆಂದಿತು. ಅದರ ಮುಂದೆ ಇನ್ನೊಂದು. ಅದರಾಚೆ ಮತ್ತೊಂದು. ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಬಾಲಕ್ಕೂ ಮಾವನವರ ಹೂವಿನ ಬಟ್ಟೆ! ಮುಂದಿನ ಗಾಡಿಯ ಟೈರು ಪಂಕ್ಚರಾಗಿ ರಸ್ತೆಯಲ್ಲೇ ನಿಂತುಬಿಟ್ಟಿತ್ತಂತೆ. ನಾನು ನಿಧಾನ ಮಾಡಿ ಪಕ್ಕದಲ್ಲಿ ಹಾಯುತ್ತಿದ್ದಾಗ ಹಿಂದಿನ ಗಾಡಿಯ ಡ್ರೈವರು ಕೈ ಅಡ್ಡ ಮಾಡಿದ.

"ಅಕ್ಕಾ, ಯಜಮಾನ್ರು ಯಾಕೆ ಕಾಣ್ತಿಲ್ಲ?" ಎಂದು ಕೇಳಿದ. ಜ್ವರ, ಮಲಗಿದ್ದಾರೆ ಎಂದೆ.

"ಅದ್ಕೇ ನಾವೇ ಕಟ್ಕೊಂಡೋ. ಕಟ್ದೆ ಒಂಟ್ರೆ ಅವ್ರ ಮಾತು ಕಿವೀಲಿ ಕೂಗ್ದಂಗಾಯ್ತದೆ ಕಣಕ್ಕ."

ಯಾವ ಮಾತು ಎಂದು ಕೇಳಿದೆ.

"ದಿನಾ ಅದೇಯ. 'ಈ ದಾರೀಲಿ ನಮ್ ನರ್ಸಮ್ಮ ಡ್ಯೂಟಿಗೆ ಓಯ್ತದೆ. ಅಲ್ಲಿ ಯಾವಳೋ ಒಬ್ಳು ನೋವು ತಿಂತಾ ಇವಳ ದಾರಿ ಕಾಯ್ತಾ ಬಿದ್ದಿರ್ತಾಳೆ. ನಿನ್ ಗಾಡಿ ಕಾಣ್ದೆ ಇವಳು ಬಿದ್ರೆ ಅಲ್ಲಿ ಅವಳ ಗತಿಯೇನ್ಲಾ' ಅಂತಾರೆ."

ಇಷ್ಟು ವರ್ಷದಲ್ಲಿ ಮಾವನವರು ನನ್ನ ಕೆಲಸದ ಬಗ್ಗೆ ಒಂದು ದಿನ ಒಂದು ಮಾತು ಕೇಳಿದವರಲ್ಲ. ನಾನು ಯಾವ ವಾರ್ಡಿನಲ್ಲಿದ್ದೇನೆ ಎಂಬುದೂ ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಹುಷಾರಾಗಿ ಹೋಗು ಎಂದು ನನಗೆ ಎಲ್ಲರೂ ಹೇಳಿದ್ದರು. ಅವರೊಬ್ಬರು ಮಾತ್ರ ನನಗೆ ಹೇಳದೆ ದಾರಿಯಲ್ಲಿ ಬರುವವರಿಗೆಲ್ಲ ಹೇಳಿದ್ದರು. ಹೆಲ್ಮೆಟ್ಟಿನೊಳಗೇ ಅತ್ತುಕೊಂಡು ಹೋದೆ. ಹೊತ್ತಿಗೆ ಸರಿಯಾಗಿ ಹೋದೆ.

ಮಧ್ಯಾಹ್ನ ಪಾಳಿ ಮುಗಿಸಿ ಬಂದಾಗ ಅವರು ಹಿತ್ತಲಿನ ಬಿಸಿಲಲ್ಲಿ ರಗ್ಗು ಹೊದ್ದು ಕೂತಿದ್ದರು. ಅತ್ತೆ ಮೆಣಸಿನ ಸಾರು ತಂದು ಆರಿಸುತ್ತಿದ್ದರು. ನಾನು ಬ್ಯಾಗನ್ನೂ ಇಳಿಸದೆ ಅವರ ಕಾಲಬುಡದಲ್ಲಿ ಕೂತೆ. ಮಂಜಿನಲ್ಲಿ ಕಂಡದ್ದು, ಡ್ರೈವರು ಹೇಳಿದ್ದು ಎಲ್ಲ ಹೇಳಿದೆ.

"ಮಾವ, ನೀವಿಲ್ದಿದ್ರೆ ನಾನು ಈ ಕೆಲಸ ಯಾವತ್ತೋ ಬಿಟ್ಟಿರ್ತಿದ್ದೆ" ಎಂದೆ.

ಅವರು ಸಾರಿನ ಲೋಟ ಹಿಡಿದುಕೊಂಡರು. ಒಂದಷ್ಟು ಕೆಮ್ಮಿದರು.

"ಇವತ್ತು ಯಾರಿಗಾದ್ರೂ ಹೆರಿಗೆ ಆಯ್ತಾ?" ಎಂದು ಕೇಳಿದರು.

ಆಯಿತು ಎಂದೆ. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

"ಬೆಚ್ಚಗೆ ಸುತ್ತಿದ್ರಾ?"

"ಸುತ್ತಿದ್ವಿ ಮಾವ."

ಅವರು ತಲೆಯಾಡಿಸಿ ಸಾರು ಕುಡಿಯತೊಡಗಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. ಒಳಗೆ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು.

"ನಾಳೆ ಎಷ್ಟೊತ್ತಿಗೆ ಎಬ್ಬಿಸ್ಲಿ ಮಗಾ?"