ದಸ್ತಿ ಹಾಕಿದವರ ಸೀಟು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯವರು ದೂರುತ್ತಾರೆ. ಸುಳ್ಳು. ಬಂದದ್ದು ಹೋಗುವುದಿಲ್ಲ, ಅಷ್ಟೇ. ಖೂಬಾ ಪ್ಲಾಟಿನ ಮನೆಯಿಂದ ಹೊರಡುವಾಗ ತಣ್ಣಗೇ ಇರುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಕಮಲಾಪುರದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳೊಳಗೆ ದಸ್ತಿ, ಟವೆಲ್ಲು, ಬುತ್ತಿ ಚೀಲ, ಒಮ್ಮೆಯಂತೂ ಒಂಟಿ ಚಪ್ಪಲಿ ಹಾರಿ ಬೀಳುವುದನ್ನು ಕಂಡಾಗ ನನ್ನ ತಲೆ ಕೆಡುತ್ತದೆ. ದಸ್ತಿ ಎಂದರೆ ನಮ್ಮ ಕಡೆ ಕರವಸ್ತ್ರ. ಆ ಗೇಣುದ್ದದ ಬಟ್ಟೆ ಬಿದ್ದ ಸೀಟಿನಲ್ಲಿ ಕೂಡುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಬಾಗಿಲಿನಿಂದ ಹತ್ತುವ ನನ್ನಂಥ ಸಭ್ಯ ಮೂರ್ಖರು ಕಮಲಾಪುರದವರೆಗೆ ಕಂಬಿ ಹಿಡಿದು ನಿಲ್ಲಬೇಕು. ನನಗೋ ಮೊಣಕಾಲು ನೋವು. ನಿಂತು ಹೋದ ದಿನ ಮೊದಲ ತಾಸಿನ ಪಾಠ ಮುಗಿಯುವಷ್ಟರಲ್ಲಿ ಜೀವ ಹೋಗಿ ಬಂದಿರುತ್ತದೆ.

ನಗಬೇಡಿ, ಅಲ್ಲಿನ ಕಾಲೇಜಿನಲ್ಲಿ ನಾನು ಕಲಿಸುವುದು ಸಮಾಜಶಾಸ್ತ್ರ. ನಮ್ಮಲ್ಲಿ ಎಲ್ಲಕ್ಕೂ ಸಿದ್ಧಾಂತವಿದೆ. ಪ್ರಕಾರ್ಯವಾದಿಯನ್ನು ಕೇಳಿದರೆ, ದಸ್ತಿಯಿಂದ ಸಮಾಜದ ವ್ಯವಸ್ಥೆ ಉಳಿದಿದೆ, ಇಲ್ಲದಿದ್ದರೆ ಸೀಟಿಗಾಗಿ ದಿನಾ ಹೊಡೆದಾಟವಾಗುತ್ತಿತ್ತು ಎನ್ನುತ್ತಾನೆ. ಆ ಮನುಷ್ಯ ಈ ಬಸ್ಸು ಹತ್ತಿದವನೇ ಅಲ್ಲ. ಉದ್ದ ಕೈಯವರು ಗಿಡ್ಡ ಕೈಯವರನ್ನು ಶೋಷಿಸುತ್ತಿದ್ದಾರೆ ಎಂಬುದು ಸಂಘರ್ಷವಾದಿಯ ಮಾತು. ನಾನು ಗಿಡ್ಡ, ಹಾಗಾಗಿ ಅವನ ಪಕ್ಷ. ಮೂರನೆಯವನು ಸಾಂಕೇತಿಕ ಅಂತರಕ್ರಿಯಾವಾದಿ. ಅವನ ಹೆಸರು ಹೇಳಿ ಮುಗಿಸುವುದರೊಳಗೆ ಬಸ್ಸು ತುಂಬಿರುತ್ತದೆ. ಬಟ್ಟೆಯಲ್ಲಿ ಏನೂ ಇಲ್ಲ, ಅದರ ಅರ್ಥವೆಲ್ಲ ನಾವು ಕೊಟ್ಟದ್ದು ಎಂದು ಅವನ ವಾದ. ಇದನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ನನಗೆ ಹೋದ ಸೋಮವಾರ ಜ್ಞಾನೋದಯವಾಯಿತು. ಕೊಟ್ಟವರು ನಾವಾದರೆ ವಾಪಸು ತೆಗೆದುಕೊಳ್ಳಲು ಯಾರಪ್ಪನ ಅಪ್ಪಣೆ ಬೇಕು?

ಅವತ್ತು ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು, ಅದರ ಮೇಲೆ ಗುಲಾಬಿ ಹೂವಿನ ದಸ್ತಿ. ಎರಡು ಬೆರಳಲ್ಲಿ ಎತ್ತಿ ಕಿಟಕಿಯಿಂದ ಹೊರಗೆ ಎಸೆದು ಕೂತೆ. ಸುತ್ತಲಿನವರು ನನ್ನತ್ತ ತಿರುಗಿದರು. ಪಕ್ಕದಲ್ಲಿದ್ದ ಮುದುಕ, "ತಪ್ಪ್ರೀ ಸರ, ಪಾಪ ಯಾರೋ ಜಾಗಾ ಹಿಡಿದಿದ್ರು" ಎಂದ.

"ಬಸ್ಸೇನು ಅವರ ಮನೀದೇನ್ರೀ? ಬರಲಿ, ಕೇಳ್ತೀನಿ."

ಮನಸ್ಸಿನಲ್ಲಿ ಒಂದು ತಾಸಿನ ಭಾಷಣ ತಯಾರಾಗಿತ್ತು. ರೂಢಿ, ಅಧಿಕಾರ, ಸಮಾನತೆ, ಯಾವುದನ್ನೂ ಬಿಡುವವನಿರಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಜೆರಾಕ್ಸ್ ಹಾಳೆಗಳನ್ನು ಹಿಡಿದು ಓಡಿ ಬಂದು ಹತ್ತಿದವಳು ರೋಜಾ ಬಡಾವಣೆಯ ಹುಡುಗಿ ನಸ್ರೀನ್, ಬಿ.ಎ. ಕೊನೆಯ ವರ್ಷದ ನನ್ನ ವಿದ್ಯಾರ್ಥಿನಿ. "ಕುಂತೀರೇನ್ರೀ ಸರ? ಛಲೋ ಆತು. ನಿಮಗಂತನೇ ದಸ್ತಿ ಹಾಕಿದ್ದೆ" ಎಂದಳು.

ಭಾಷಣ ಗಂಟಲಲ್ಲೇ ಉಳಿಯಿತು. ಇಂಥ ಮಕ್ಕಳೂ ಇದ್ದಾರಲ್ಲ, ಗುರುಭಕ್ತಿ ಇನ್ನೂ ಸತ್ತಿಲ್ಲ ಎಂದು ಎದೆ ತುಂಬಿ ಬಂತು. "ಯಾಕವ್ವಾ, ನನ್ನ ಸಲುವಾಗಿ ಇಷ್ಟು ತ್ರಾಸು?" ಎಂದೆ. ಕೇಳಬಾರದಿತ್ತು.

"ಹಂಗಲ್ರೀ ಸರ. ನೀವು ನಿಂತು ಬಂದ ದಿನ ಕ್ಲಾಸಿನ್ಯಾಗ ಎಲ್ಲಾರಿಗೂ ಬೈತೀರಿ. ಅದಕ್ಕ ನಾವೆಲ್ಲಾ ಕೂಡಿ ಪಾಳಿ ಹಚ್ಚೀವಿ, ದಿನಾ ಒಬ್ಬರು ನಿಮಗ ಸೀಟು ಹಿಡೀಬೇಕಂತ. ಇವತ್ತಿನಿಂದ ಸುರು, ಮೊದಲ ಪಾಳಿ ನಂದು." ಆಮೇಲೆ ಸೀಟಿನ ಅತ್ತಿತ್ತ ನೋಡಿ, "ನನ್ನ ದಸ್ತಿ ಎಲ್ಲೈತ್ರೀ?" ಎಂದಳು.

ಮುದುಕ ಕಿಟಕಿಯಿಂದ ಹೊರಗೆ ನೋಡತೊಡಗಿದ. ನಾನೂ ನೋಡಿದೆ. ಬಸ್ಸು ಆಗಲೇ ಸ್ಟ್ಯಾಂಡು ದಾಟಿತ್ತು.

ಸಿಟ್ಟು ಉಕ್ಕಿ ಬಂತು. ಮಳೆ ಬಂದರೆ ಕೊಡೆ ಹಿಡಿಯುವ ಹಾಗೆ ನನ್ನ ಬಾಯಿಗೆ ಇವರು ಪಾಳಿ ಹಚ್ಚಿದ್ದಾರೆ! ಎದ್ದು ನಿಂತು ಚೆನ್ನಾಗಿ ಬೈಯಬೇಕೆನಿಸಿತು. ಆದರೆ ಎದ್ದರೆ ಸೀಟು ಹೋಗುತ್ತದೆ. ಹುಡುಗಿ ಕಂಬಿ ಹಿಡಿದು ನಿಂತೇ ಇದ್ದಳು, ನಾನು ಕೂತೇ ಇದ್ದೆ. ಕಮಲಾಪುರ ಬಂದಾಗ ಮೊಣಕಾಲು ಒಂದಿಷ್ಟೂ ನೋಯುತ್ತಿರಲಿಲ್ಲ. ಇಳಿಯುವಾಗ, ಮುದುಕನಿಗೆ ಕೇಳಿಸದ ಹಾಗೆ ಅವಳನ್ನು ಕೇಳಿದೆ:

"ನಾಳೆ ಯಾರದವ್ವಾ ಪಾಳಿ?"